ಹನ್ನೊಂದು ವರ್ಷದ ವೃತ್ತಿಜೀವನ: ಟೆನರ್ ಫ್ರಿಟ್ಸ್ ವುಂಡರ್ಲಿಖ್ ಕುರಿತು

ಮಂದ್ರಶ್ರುತಿ (ಮೈಸೂರು):

ಜರ್ಮನಿಯ ಟೆನರ್ (ಎತ್ತರದ ಗಂಡುದನಿಯ) ಗಾಯಕ ಫ್ರಿಟ್ಸ್ ವುಂಡರ್ಲಿಖ್ ಅವರ ಹೆಸರು ಬಂದ ಕಡೆಯಲ್ಲೆಲ್ಲ ‘ದೈವದತ್ತ ಕಂಠ’ ಎಂಬ ಮಾತೂ ಬೆನ್ನಿಗೇ ಬರುತ್ತದೆ. ಆ ಮಾತಿನಲ್ಲಿ ಪ್ರೀತಿಯಿದೆ, ಸುಳ್ಳೂ ಇಲ್ಲ. ಆದರೆ ಅವರ ಧ್ವನಿಮುದ್ರಣಗಳನ್ನು ಕಳೆದ ಕೆಲವು ತಿಂಗಳಿನಿಂದ ಕಾಲಾನುಕ್ರಮದಲ್ಲಿ ಕೇಳುತ್ತ ಬಂದ ನನಗೆ, ಆ ಮಾತು ಅವರ ದುಡಿಮೆಯನ್ನು ಮರೆಮಾಡುತ್ತಿದೆ ಎಂದು ಬಲವಾಗಿ ಅನ್ನಿಸಿದೆ. ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ), ಒರಟೋರಿಯೊ (ವೇಷ, ಅಭಿನಯವಿಲ್ಲದೆ ವಾದ್ಯವೃಂದದೊಂದಿಗೆ ಹಾಡುವ ದೊಡ್ಡ ಕಥನಕೃತಿ), ಕಲಾಗೀತೆ (ಪಿಯಾನೊ ಜೊತೆ ಹಾಡುವ ಕವಿತೆ) ಈ ಮೂರು ಕ್ಷೇತ್ರಗಳಲ್ಲಿ ಅವರು ಒಂದೇ ಬಾರಿಗೆ ಪಳಗಿದವರಲ್ಲ. ಒಪೆರಾ ಮೊದಲೇ ಕೈಹಿಡಿಯಿತು. ಕಲಾಗೀತೆಯನ್ನು ಅವರು ಹೆಸರುವಾಸಿಯಾದ ಮೇಲೆ, ವಿದ್ಯಾರ್ಥಿಯಂತೆ ಕುಳಿತು ಕಲಿತರು. ಈ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ತಿಳಿಯುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಸಂಕ್ಷಿಪ್ತ ಪರಿಚಯ. ವುಂಡರ್ಲಿಖ್ ಹುಟ್ಟಿದ್ದು 1930ರ ಸೆಪ್ಟೆಂಬರ್ 26ರಂದು, ಪಶ್ಚಿಮ ಜರ್ಮನಿಯ ಕುಸೆಲ್ ಎಂಬ ಸಣ್ಣ ಊರಿನಲ್ಲಿ. ತಂದೆ ತಾಯಿ ಇಬ್ಬರೂ ಸಂಗೀತದಿಂದಲೇ ಹೊಟ್ಟೆ ಹೊರೆದವರು. ಮಗನಿಗೆ ಐದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಬಡತನದ ನಡುವೆ ಪಿಟೀಲುವಾದಕಿ ತಾಯಿ ಸಂಸಾರ ತೂಗಿಸಿದರು. ಹುಡುಗ ಅಕಾರ್ಡಿಯನ್ ಹಿಡಿದು ಕುಣಿತದ ಮೇಳಗಳಲ್ಲಿ ನುಡಿಸಿ ಹಣ ಸಂಪಾದಿಸಿದ. 1950ರಲ್ಲಿ ಫ್ರೈಬುರ್ಗ್‌ನ ಸಂಗೀತ ವಿದ್ಯಾಲಯ ಸೇರಿ ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯದ ವಾದನವನ್ನೂ, ಮಾರ್ಗರೆಟೆ ಫಾನ್ ವಿಂಟರ್‌ಫೆಲ್ಟ್ ಅವರ ಬಳಿ ಗಾಯನವನ್ನೂ ಕಲಿತರು. 1955ರಲ್ಲಿ ಸ್ಟಟ್‌ಗಾರ್ಟ್ ಒಪೆರಾ, 1960ರಲ್ಲಿ ಮ್ಯೂನಿಕ್, 1962ರಲ್ಲಿ ವಿಯೆನ್ನಾ. 1966ರ ಸೆಪ್ಟೆಂಬರ್‌ನಲ್ಲಿ ಗೆಳೆಯರೊಬ್ಬರ ಬೇಟೆಮನೆಯಲ್ಲಿ ಕಲ್ಲಿನ ಮೆಟ್ಟಿಲಿನಿಂದ ಬಿದ್ದು, 17ರಂದು ಹೈಡಲ್‌ಬರ್ಗ್‌ನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಮೂವತ್ತಾರು ತುಂಬಲು ಒಂಬತ್ತು ದಿನ ಬಾಕಿಯಿತ್ತು.

ತುಂಗಾತೀರ:

ಮಂದ್ರಶ್ರುತಿಯವರೇ, ನಿಮ್ಮ ವಾದವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ದುಡಿಮೆ ಇಲ್ಲದೆ ಯಾವ ಗಾಯಕನೂ ಬೆಳೆಯುವುದಿಲ್ಲ ಎಂಬುದು ಎಲ್ಲರಿಗೂ ಅನ್ವಯಿಸುವ ಮಾತು. ಆದರೆ ಅವರ ದನಿಯ ಬಣ್ಣವನ್ನು, ಅಂದರೆ ಮೇಲಿನ ಸ್ವರಗಳಲ್ಲಿಯೂ ಬಿಗಿಯದೆ ಅರಳುವ ಆ ಗುಣವನ್ನು, ಯಾವ ಗುರುವೂ ಕಲಿಸಲಾರರು. ಮೊಜಾರ್ಟ್‌ನ ‘ಮಾಯಾ ಕೊಳಲು’ ಒಪೆರಾದಲ್ಲಿ ರಾಜಕುಮಾರ ಟಮಿನೊ ರಾಜಕುಮಾರಿಯ ಚಿತ್ರವನ್ನು ನೋಡಿ ಹಾಡುವ ಹಾಡನ್ನು ಗಮನಿಸಿ. ಮೊದಲ ನುಡಿಯಲ್ಲೇ ದನಿ ಕೆಳಗಿನ ಬಿ ಫ್ಲ್ಯಾಟ್‌ನಿಂದ ಮೇಲಿನ ಜಿ ಸ್ವರಕ್ಕೆ ಒಂದೇ ನೆಗೆತದಲ್ಲಿ ಹೋಗಬೇಕು. ಟೆನರ್ ದನಿ ಎದೆಯಿಂದ ಶಿರಕ್ಕೆ ದಾಟುವ ಸಂಧಿಯ ಜಾಗ ಹೆಚ್ಚುಕಡಿಮೆ ಅದೇ. ಬಹುಪಾಲು ಗಾಯಕರಲ್ಲಿ ಅಲ್ಲೊಂದು ಹೊಲಿಗೆ ಕಾಣುತ್ತದೆ. 1964ರಲ್ಲಿ ಕಾರ್ಲ್ ಬೋಮ್ ಅವರ ನಿರ್ದೇಶನದಲ್ಲಿ ಬರ್ಲಿನ್ ಫಿಲ್‌ಹಾರ್ಮನಿಕ್ ಜೊತೆ ವುಂಡರ್ಲಿಖ್ ಹಾಡಿದ ಮುದ್ರಣದಲ್ಲಿ ನನಗೆ ಆ ಹೊಲಿಗೆ ಕಾಣಲೇ ಇಲ್ಲ. ಇದನ್ನು ವರ ಎನ್ನದೆ ಇನ್ನೇನೆನ್ನಬೇಕು?

ವೃಂದಗಾಯಕಿ (ಬೆಂಗಳೂರು):

ನಾನು ಹದಿನೈದು ವರ್ಷದಿಂದ ಒಂದು ಗಾಯನವೃಂದದಲ್ಲಿ ಆಲ್ಟೊ (ಕೆಳದನಿಯ ಹೆಂಗಸರ) ಸಾಲಿನಲ್ಲಿ ಹಾಡುತ್ತಿದ್ದೇನೆ. ಟೆನರ್‌ಗಳು ನಮ್ಮ ಪಕ್ಕದಲ್ಲೇ ನಿಲ್ಲುವುದರಿಂದ ಅವರ ಕಷ್ಟವನ್ನು ಹತ್ತಿರದಿಂದ ನೋಡಿದ್ದೇನೆ. ತುಂಗಾತೀರ ಅವರು ಹೇಳುವ ಆ ಸಂಧಿಯನ್ನು ಹೊಲಿಗೆ ಕಾಣದಂತೆ ಮಾಡುವುದೇ ಟೆನರ್ ಶಿಕ್ಷಣದ ಬಹುಪಾಲು ಕೆಲಸ ಎಂದು ನಮಗೆ ಕಲಿಸಿದವರು ಹೇಳುತ್ತಿದ್ದರು. ಆದ್ದರಿಂದ ಹೊಲಿಗೆ ಕಾಣುವುದಿಲ್ಲ ಎಂಬುದು ಹೊಲಿದೇ ಇಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಹಾರ್ನ್ ವಾದನದ ವಿಷಯವನ್ನು ಮಂದ್ರಶ್ರುತಿಯವರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಾರೆ; ಅದನ್ನು ಸ್ವಲ್ಪ ಹಿಗ್ಗಿಸಬೇಕು. ಹಾರ್ನ್ ನುಡಿಸುವವರು ಉಸಿರನ್ನು ಒಂದೇ ಒತ್ತಡದಲ್ಲಿ ನಿಧಾನವಾಗಿ ಬಿಡಬೇಕು, ಮತ್ತು ಸ್ವರ ತುಟಿಗೆ ಬರುವ ಮೊದಲೇ ಅದನ್ನು ಮನಸ್ಸಿನಲ್ಲಿ ಕೇಳಿಸಿಕೊಂಡಿರಬೇಕು. ಇಲ್ಲವಾದರೆ ಪಕ್ಕದ ಸ್ವರ ಒಡೆದು ಬರುತ್ತದೆ. ಗಾಯನಕ್ಕೂ ಬೇಕಾದದ್ದು ಇವೆರಡೇ. ವುಂಡರ್ಲಿಖ್ ಅವರ ದೀರ್ಘ ಸಾಲುಗಳನ್ನು ಕೇಳುವಾಗಲೆಲ್ಲ ನನಗೆ ಆ ಹಾರ್ನ್ ನೆನಪಾಗುತ್ತದೆ. ‘ಡಾನ್ ಜೊವಾನ್ನಿ’ಯಲ್ಲಿ ಡಾನ್ ಒಟ್ಟಾವಿಯೊ ಹಾಡುವ ‘ಇಲ್ ಮಿಯೊ ತೆಸೊರೊ’ದ ಉದ್ದನೆಯ ಓಟವಿದೆಯಲ್ಲ, 1788ರಲ್ಲಿ ವಿಯೆನ್ನಾದ ಟೆನರ್‌ಗೆ ಅದು ಒಗ್ಗದ ಕಾರಣ ಮೊಜಾರ್ಟ್ ಬೇರೊಂದು ಹಾಡನ್ನೇ ಬರೆದುಕೊಡಬೇಕಾಯಿತು. ಅಂಥದ್ದನ್ನು ಹಾಡಲು ಸುಂದರ ಕಂಠವೊಂದೇ ಸಾಲದು.

ಇನ್ನೊಂದು ಸಂಗತಿ. ಒಪೆರಾ ಗಾಯಕನ ಮುಂದೆ ಧ್ವನಿವರ್ಧಕ ಇರುವುದಿಲ್ಲ. ಅರವತ್ತು ಎಪ್ಪತ್ತು ವಾದ್ಯಗಳನ್ನು ದಾಟಿ ಅವನ ದನಿ ಕೊನೆಯ ಸಾಲಿಗೆ ಮುಟ್ಟುವುದು ಬರಿಯ ಗಟ್ಟಿತನದಿಂದಲ್ಲ. ವಾದ್ಯವೃಂದದ ಶಕ್ತಿ 500 ಹರ್ಟ್ಸ್ ಆಸುಪಾಸಿನಲ್ಲಿ ಹೆಚ್ಚಾಗಿದ್ದು ಮೇಲಕ್ಕೆ ಹೋದಂತೆ ತಗ್ಗುತ್ತದೆ. ಪಳಗಿದ ಗಾಯಕನ ಗಂಟಲು ಸುಮಾರು 3000 ಹರ್ಟ್ಸ್ ಬಳಿ ತನ್ನ ಅನುರಣನವನ್ನು ಒಟ್ಟುಗೂಡಿಸಿ, ವೃಂದ ಬಿಟ್ಟುಕೊಟ್ಟ ಆ ಜಾಗದಲ್ಲಿ ಹಾದುಹೋಗುತ್ತದೆ. ಇದು ಹುಟ್ಟಿನಿಂದ ಬರುವುದಿಲ್ಲ.

ನೆಕ್ಕಾರ್ ದಂಡೆಯ ಕನ್ನಡಿಗ (ಸ್ಟಟ್‌ಗಾರ್ಟ್):

ನಾನು ಇರುವ ಊರಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿನ ಒಪೆರಾ ವ್ಯವಸ್ಥೆಯನ್ನು ಅರಿಯದೆ ವುಂಡರ್ಲಿಖ್ ಅವರ ವೃತ್ತಿಜೀವನವನ್ನು ಅರಿಯಲಾಗದು. ಜರ್ಮನಿಯ ಒಪೆರಾ ಮನೆಗಳು ಗಾಯಕರನ್ನು ಸಂಬಳಕ್ಕೆ ನೇಮಿಸಿಕೊಳ್ಳುತ್ತವೆ. ದನಿಯ ಜಾತಿಗೆ ಅನುಗುಣವಾಗಿ ಪಾತ್ರಗಳ ಪಟ್ಟಿಯಿರುತ್ತದೆ. ಇದಕ್ಕೆ ‘ಫಾಖ್’ ಎಂದು ಹೆಸರು. ಭಾವಗೀತಾತ್ಮಕ ಟೆನರ್ ಎಂದು ಸೇರಿದವನು ಈ ರಾತ್ರಿ ಮೊಜಾರ್ಟ್, ಇನ್ನೆರಡು ದಿನಕ್ಕೆ ಹೊಸ ಕೃತಿಯೊಂದರ ಸಣ್ಣ ಪಾತ್ರ, ವಾರದ ಕೊನೆಗೆ ಒಪೆರೆಟಾ (ಹಗುರ ಹಾಸ್ಯದ ಒಪೆರಾ) ಎಂದು ಹಾಡುತ್ತ ಹೋಗಬೇಕು. ವುಂಡರ್ಲಿಖ್ ಸ್ಟಟ್‌ಗಾರ್ಟ್‌ಗೆ ಬಂದಾಗ ಸಿಕ್ಕಿದ್ದು ವಾಗ್ನರ್‌ನ ‘ಮೈಸ್ಟರ್‌ಸಿಂಗರ್’ನಲ್ಲಿ ಒಂದು ಕಿರುಪಾತ್ರ. ಆಗ ಇಲ್ಲಿನ ಮುಖ್ಯ ಟೆನರ್ ಆಗಿದ್ದವರು ಯೋಸೆಫ್ ಟ್ರಾಕ್ಸೆಲ್. ಅವರ ಬದಲಿಗೆ ಟಮಿನೊ ಪಾತ್ರದಲ್ಲಿ ನಿಂತು ಹಾಡಿದ ಮೇಲೆ ಈ ಹೊಸಬನ ಸ್ಥಾನವೇ ಬದಲಾಯಿತು. ಇದೇ ಒಪೆರಾದ ವಾದ್ಯವೃಂದದಲ್ಲಿ ಹಾರ್ಪ್ ನುಡಿಸುತ್ತಿದ್ದ ಎವಾ ಯುಂಗ್‌ನಿಚ್ ಅವರನ್ನು 1956ರಲ್ಲಿ ಮದುವೆಯಾದರು.

ಆ ಕಾಲದ ಇನ್ನೊಂದು ವಾಡಿಕೆಯನ್ನೂ ಹೇಳಬೇಕು. ಜರ್ಮನ್ ರಂಗಮಂದಿರಗಳಲ್ಲಿ ಇಟಲಿಯ, ಫ್ರಾನ್ಸಿನ, ರಷ್ಯಾದ ಒಪೆರಾಗಳನ್ನೂ ಬಹುಮಟ್ಟಿಗೆ ಜರ್ಮನ್ ಅನುವಾದದಲ್ಲೇ ಹಾಡುತ್ತಿದ್ದರು. ಚೈಕೋವ್‌ಸ್ಕಿಯ ಒಪೆರಾದ ಲೆನ್‌ಸ್ಕಿ ಪಾತ್ರವನ್ನು ಅವರು ಮ್ಯೂನಿಕ್‌ನಲ್ಲಿ ಹಾಡಿದ್ದು ಜರ್ಮನ್‌ನಲ್ಲಿ. ಈಗ ಕೇಳುವವರಿಗೆ ಅದು ಕೊರತೆಯಾಗಿ ಕಾಣಬಹುದು. ನನಗೆ ಮಾತ್ರ ಕಾಣುವುದು ಇಷ್ಟು: ತನ್ನ ಮುಂದೆ ಕುಳಿತವರ ಭಾಷೆಯಲ್ಲಿ, ತನ್ನದೇ ತಾಯ್ನುಡಿಯಲ್ಲಿ, ವರ್ಷಕ್ಕೆ ಹತ್ತಾರು ರಾತ್ರಿ ಹಾಡಿದ ಗಾಯಕನಿಗೆ ಮಾತನ್ನು ಸ್ವರದ ಮೇಲೆ ಕೂರಿಸುವ ಅಭ್ಯಾಸ ತಾನಾಗಿಯೇ ಆಯಿತು. ಕಲಾಗೀತೆಗೆ ಹೋಗುವ ದಾರಿಯಲ್ಲಿ ಅದು ಒಂದು ಮೆಟ್ಟಿಲಾಗಿರಬೇಕು.

ಕುಸೆಲ್‌ಗೆ ನಾನು ಒಮ್ಮೆ ಸೈಕಲ್‌ನಲ್ಲಿ ಹೋಗಿದ್ದೆ. ಹಳೆಯ ರೈಲುಹಳಿಯ ಜಾಗದಲ್ಲಿ ಸೈಕಲ್ ದಾರಿಯೊಂದನ್ನು ಮಾಡಿ ಅದಕ್ಕೆ ವುಂಡರ್ಲಿಖ್ ಹೆಸರಿಟ್ಟಿದ್ದಾರೆ. ಊರು ಮಗನನ್ನು ಮರೆತಿಲ್ಲ.

ಹಳೆಯ ತಟ್ಟೆ (ಧಾರವಾಡ):

ಈ ಚರ್ಚೆಯಲ್ಲಿ ಒರಟೋರಿಯೊ ಮತ್ತು ಪ್ರಾಚೀನ ಸಂಗೀತದ ಬದಿ ಮಸುಕಾಗಿ ಉಳಿದಿದೆ. ಅವರ ಮೊದಲ ಮುಖ್ಯ ಧ್ವನಿಮುದ್ರಣಗಳಲ್ಲಿ ಒಂದು 1955ರ ಮೊಂಟೆವೆರ್ಡಿಯ ‘ಓರ್ಫೆಯೊ’. ಅಪೊಲೊ ಮುಂತಾದ ಪಾತ್ರಗಳಲ್ಲಿ 24 ವರ್ಷದ ವುಂಡರ್ಲಿಖ್ ಅಲ್ಲಿ ಕೇಳಸಿಗುತ್ತಾರೆ. 1959ರಲ್ಲಿ ಕೊಲೋನ್ ರೇಡಿಯೊಗಾಗಿ ಹ್ಯಾಂಡೆಲ್‌ನ ‘ಅಲ್ಚಿನಾ’ವನ್ನು ಜೋನ್ ಸದರ್ಲ್ಯಾಂಡ್ ಅವರೊಂದಿಗೆ ಹಾಡಿದರು. ಅದರಲ್ಲಿ ಅವರು ಹಾಡಿದ ರುಜ್ಜೇರೊ ಪಾತ್ರ ಮೂಲದಲ್ಲಿ ಟೆನರ್‌ಗೆ ಬರೆದದ್ದಲ್ಲ, ಹದಿನೆಂಟನೆಯ ಶತಮಾನದ ಕಾಸ್ಟ್ರಾಟೊ (ಬಾಲ್ಯದಲ್ಲೇ ಬೀಜ ತೆಗೆಸಿ ಎತ್ತರದ ದನಿ ಉಳಿಸಿದ) ಗಾಯಕನಿಗೆ ಬರೆದದ್ದು. ಇಂದು ಹಾಗೆ ಸ್ಥಾಯಿ ಇಳಿಸಿ ಹಾಡಿಸುವ ಪದ್ಧತಿಯನ್ನು ಒಪ್ಪುವವರು ಕಡಿಮೆ. ಆದರೂ ಆ ಓಟಗಳ ಸ್ಪಷ್ಟತೆಯನ್ನು ಕೇಳಿದವರು ಅದನ್ನು ಸುಲಭಕ್ಕೆ ಬದಿಗಿಡಲಾರರು. ಹಾಗೆಯೇ ಹೊಸ ಸಂಗೀತ: ಕಾರ್ಲ್ ಓರ್ಫ್ ಅವರ ‘ಈಡಿಪಸ್’ 1959ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಮೊದಲ ಬಾರಿ ರಂಗಕ್ಕೆ ಬಂದಾಗ ಕುರುಡು ದಾರ್ಶನಿಕ ಟೈರೀಸಿಯಸ್ ಆಗಿ ಹಾಡಿದವರು ಇವರೇ. 1963ರಲ್ಲಿ ಮ್ಯೂನಿಕ್‌ನಲ್ಲಿ ವೆರ್ನರ್ ಎಗ್ಕ್ ಅವರ ಹೊಸ ಒಪೆರಾದಲ್ಲಿಯೂ ಮೊದಲ ಪ್ರದರ್ಶನದ ನಾಯಕ ಇವರೇ. ಸಿಹಿ ದನಿಯ ಮೊಜಾರ್ಟ್ ಟೆನರ್ ಎಂಬ ಚಿತ್ರ ಅಪೂರ್ಣ.

ಮಂದ್ರಶ್ರುತಿಯವರು ಮೈಸೂರಿನವರಾದ್ದರಿಂದ ಒಂದು ನಂಟನ್ನು ನೆನಪಿಸಲೇಬೇಕು. ಮಾಹ್ಲರ್‌ನ ‘ಭೂಮಿಯ ಗೀತೆ’ಯನ್ನು ವುಂಡರ್ಲಿಖ್ ಮತ್ತು ಕ್ರಿಸ್ಟಾ ಲುಡ್ವಿಗ್ ಅವರು ಓಟ್ಟೊ ಕ್ಲೆಂಪರರ್ ಅವರ ನಿರ್ದೇಶನದಲ್ಲಿ ಹಾಡಿದ ಮುದ್ರಣ ಲಂಡನ್ನಿನ ಫಿಲ್‌ಹಾರ್ಮೋನಿಯಾ ವೃಂದದ್ದು. ಆ ವೃಂದ ಕಟ್ಟಿದ ಆರಂಭದ ವರ್ಷಗಳಲ್ಲಿ ಹಣದ ನೆರವು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರೂ ಅವರೇ. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ ಲಂಡನ್ನಿನಲ್ಲಿ ನಡೆದದ್ದು ಅವರ ಬೆಂಬಲದಿಂದ. ವುಂಡರ್ಲಿಖ್ ಅವರಿಗೂ ಮೈಸೂರಿಗೂ ನೇರ ಸಂಬಂಧವೇನೂ ಇಲ್ಲ. ಅವರು ಹಾಡುವ ಹೊತ್ತಿಗೆ ಆ ನೆರವಿನ ಕಾಲ ಮುಗಿದು ಹೋಗಿತ್ತು. ಆದರೂ ಆ ತಟ್ಟೆಯನ್ನು ಹಾಕಿದಾಗಲೆಲ್ಲ ನನ್ನ ಎದೆ ಸ್ವಲ್ಪ ಉಬ್ಬುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ತುಂಗಾತೀರ:

‘ಭೂಮಿಯ ಗೀತೆ’ಯನ್ನು ಪ್ರಸ್ತಾಪಿಸಿದ್ದಕ್ಕೆ ಧನ್ಯವಾದಗಳು. ಆರು ಹಾಡುಗಳಲ್ಲಿ ಒಂದು, ಮೂರು ಮತ್ತು ಐದನೆಯದು ಟೆನರ್‌ಗೆ ಸೇರಿದವು. ಮೊದಲನೆಯದಂತೂ ವಾದ್ಯವೃಂದದ ಬಿರುಗಾಳಿಯ ಮೇಲೆ, ದನಿಯ ಅತಿ ಎತ್ತರದ ಜಾಗದಲ್ಲಿ ಹಾಡಬೇಕಾದದ್ದು. ಭಾರವಾದ ವೀರರಸದ ಟೆನರ್‌ಗಳು ಅದನ್ನು ಗೆಲ್ಲುತ್ತಾರೆ, ಆದರೆ ಮೂರನೆಯ ಹಾಡಿನ ಪಿಂಗಾಣಿ ಮಂಟಪದ ನಾಜೂಕನ್ನು ಕಳೆದುಕೊಳ್ಳುತ್ತಾರೆ. ಹಗುರ ದನಿಯವರಿಗೆ ಮೂರನೆಯದು ಸಿಕ್ಕಿ ಮೊದಲನೆಯದು ತಪ್ಪುತ್ತದೆ. ವುಂಡರ್ಲಿಖ್ ಎರಡನ್ನೂ ಹಿಡಿದಿದ್ದಾರೆ. ಆದರೆ ಸ್ಟುಡಿಯೊದಲ್ಲಿ, 1964ರಿಂದ 1966ರವರೆಗೆ ಬಿಡಿಬಿಡಿಯಾಗಿ ನಡೆದ ಮುದ್ರಣದಲ್ಲಿ ಎಂಬುದನ್ನೂ ಸೇರಿಸಿ ಹೇಳಬೇಕು.

ಇನ್ನು ಕಲಾಗೀತೆಯ ವಿಷಯ. ಇಲ್ಲಿ ನನ್ನ ಆಕ್ಷೇಪ ನೇರವಾದದ್ದು. ಶೂಮನ್‌ನ ‘ಕವಿಯ ಪ್ರೇಮ’ವನ್ನು ಅವರು 1965ರಲ್ಲಿ ಮುದ್ರಿಸಿದ್ದನ್ನು ಕೇಳಿದಾಗ ನನಗೆ ದನಿ ಕೇಳುತ್ತದೆ, ಅದರ ಕವಿ ಹೈನೆಯ ಕಹಿ ಕೇಳುವುದಿಲ್ಲ. ಬ್ಯಾರಿಟೋನ್ (ಟೆನರ್‌ಗಿಂತ ಕೆಳಗಿನ ಗಂಡುದನಿಯ) ಗಾಯಕ ಡೀಟ್ರಿಷ್ ಫಿಷರ್-ಡೀಸ್ಕೌ ಹಾಡಿದಾಗ ಒಂದೊಂದು ಪದಕ್ಕೂ ಒಂದೊಂದು ನೆರಳು ಬೀಳುತ್ತದೆ. ವುಂಡರ್ಲಿಖ್ ಎಲ್ಲವನ್ನೂ ಬೆಳಕಿನಲ್ಲೇ ಹಾಡಿಬಿಡುತ್ತಾರೆ.

ಮಂದ್ರಶ್ರುತಿ (ಮೈಸೂರು):

ಈ ಆಕ್ಷೇಪವನ್ನೇ ನಾನು ಕಾಯುತ್ತಿದ್ದೆ. ಏಕೆಂದರೆ ಅದು ಅವರ ಕಾಲದಲ್ಲೇ ಬಂದ ಆಕ್ಷೇಪ. ಅವರ ಮೊದಮೊದಲ ಕಲಾಗೀತೆಯ ಕಛೇರಿಗಳಿಗೆ ವಿಮರ್ಶಕರ ಪೂರ್ಣ ಮೆಚ್ಚುಗೆ ಸಿಗಲಿಲ್ಲ. ಒಪೆರಾ ರಂಗದಲ್ಲಿ ಆಗಲೇ ಹೆಸರು ಮಾಡಿದ್ದ ಗಾಯಕ ಅದನ್ನು ಅಲಕ್ಷಿಸಬಹುದಿತ್ತು. ಅವರು ಮಾಡಿದ್ದು ಬೇರೆ. ತಮಗಿಂತ ಮೂವತ್ತೆರಡು ವರ್ಷ ಹಿರಿಯರಾದ ಪಿಯಾನೊವಾದಕ ಹುಬೆರ್ಟ್ ಗೀಸೆನ್ ಅವರ ಬಳಿ ಹೋದರು. ತರುಣ ಯೆಹೂದಿ ಮೆನುಹಿನ್ ಅವರಿಗೆ ಪಕ್ಕವಾದ್ಯ ನುಡಿಸಿದ್ದ ಗೀಸೆನ್, ವುಂಡರ್ಲಿಖ್ ಅವರ ಹಾಡುಗಳನ್ನು ಪದ ಪದವಾಗಿ ಬಿಚ್ಚಿ ಮತ್ತೆ ಕಟ್ಟಿಸಿದರು. ಪಕ್ಕವಾದ್ಯದವರು ಗುರುವಾಗುವುದು ನಮ್ಮ ಸಂಗೀತದಲ್ಲಿಯೂ ಹೊಸದಲ್ಲ, ಆದರೆ ಕೀರ್ತಿಯ ನಡುವೆ ಅದಕ್ಕೆ ಒಪ್ಪಿ ಕೂರುವವರು ವಿರಳ.

ಕಲಾಗೀತೆ ಏಕೆ ಅಷ್ಟು ಬೇರೆ ಎಂಬುದನ್ನು ನಮ್ಮ ಪರಿಭಾಷೆಯಲ್ಲಿ ಹೀಗೆ ಹೇಳಬಹುದು. ಕರ್ನಾಟಕ ಸಂಗೀತದ ಗಾಯಕ ತನ್ನ ಶ್ರುತಿಯನ್ನು ತಾನೇ ಆರಿಸಿಕೊಳ್ಳುತ್ತಾನೆ. ಒಪೆರಾದಲ್ಲಿ ಆ ಸ್ವಾತಂತ್ರ್ಯ ಬಹುಮಟ್ಟಿಗೆ ಇಲ್ಲ. ಬರೆದ ಸ್ವರಕ್ಕೆ ದನಿ ಏರಲೇಬೇಕು. ಕಲಾಗೀತೆಯಲ್ಲಿ ಆ ಸ್ವಾತಂತ್ರ್ಯ ಮರಳಿ ಸಿಗುತ್ತದೆ, ಬ್ಯಾರಿಟೋನ್‌ಗಳು ಇಳಿಸಿಕೊಂಡು ಹಾಡುವುದು ಅದರಿಂದಲೇ. ಆದರೆ ಉಳಿದ ಆಸರೆಗಳೆಲ್ಲ ತಪ್ಪಿಹೋಗುತ್ತವೆ. ವೇಷವಿಲ್ಲ, ದೃಶ್ಯವಿಲ್ಲ, ಎದುರುಪಾತ್ರವಿಲ್ಲ. ಒಂದು ಪಿಯಾನೊ ಮತ್ತು ಎರಡು ನಿಮಿಷದೊಳಗೆ ಮುಗಿದುಹೋಗುವ ಕವಿತೆ. ‘ಕವಿಯ ಪ್ರೇಮ’ದ ಮೊದಲ ಹಾಡು ಷಡ್ಜಕ್ಕೆ ಮರಳದೆಯೇ, ಪ್ರಶ್ನೆ ಕೇಳಿದಂತೆ ಗಾಳಿಯಲ್ಲಿ ನಿಂತುಬಿಡುತ್ತದೆ. ಕೊನೆಯ ಹಾಡಿನಲ್ಲಿ ದನಿ ಮುಗಿದ ಮೇಲೂ ಪಿಯಾನೊ ದೀರ್ಘವಾಗಿ ನುಡಿಯುತ್ತದೆ, ಗಾಯಕ ಸುಮ್ಮನೆ ನಿಂತಿರಬೇಕು. ಒಪೆರಾ ಗಾಯಕನಿಗೆ ಆ ಸುಮ್ಮನೆ ನಿಲ್ಲುವುದೇ ಕಠಿಣವಾದ ಪಾಠ.

ತುಂಗಾತೀರ ಅವರಲ್ಲಿ ನನ್ನ ವಿನಂತಿ ಒಂದೇ. ಅದೇ ಕೃತಿಯನ್ನು ಅವರು 1966ರ ಸೆಪ್ಟೆಂಬರ್ 4ರಂದು ಎಡಿನ್‌ಬರೊದಲ್ಲಿ ಗೀಸೆನ್ ಅವರೊಂದಿಗೆ ಹಾಡಿದ ಕಛೇರಿಯ ಮುದ್ರಣವನ್ನು ಕೇಳಿ. ಅದು ಅವರ ಕೊನೆಯ ಕಲಾಗೀತೆಯ ಕಛೇರಿ. ಸ್ಟುಡಿಯೊದಲ್ಲಿ ಕಾಣದ ನೆರಳು ನನಗೆ ಅಲ್ಲಿ ಕಂಡಿದೆ.

ವೃಂದಗಾಯಕಿ (ಬೆಂಗಳೂರು):

ಬೆಳಕಿನಲ್ಲೇ ಹಾಡುತ್ತಾರೆ ಎಂಬ ಮಾತು ಶೂಬರ್ಟ್‌ನ ‘ಗಿರಣಿಯ ಚೆಲುವೆ’ಗೆ ಅನ್ವಯಿಸುವುದಿಲ್ಲ ಎಂದು ನನ್ನ ನಂಬಿಕೆ. ಇಪ್ಪತ್ತು ಹಾಡುಗಳ ಆ ಮಾಲೆಯಲ್ಲಿ ಹಾಡುವವನು ಹದಿಹರೆಯದ ಕೆಲಸಗಾರ ಹುಡುಗ. ಅವನಿಗೆ ತನ್ನ ಕಥೆ ಎಲ್ಲಿಗೆ ಹೋಗುತ್ತಿದೆ ಎಂಬುದು ಗೊತ್ತಿಲ್ಲ. ಎಲ್ಲ ಬಲ್ಲ ಹಿರಿಯರ ದನಿಯಲ್ಲಿ ಮೊದಲ ಹಾಡಿನಿಂದಲೇ ದುರಂತ ಕೇಳಿಸತೊಡಗಿದರೆ ಹುಡುಗನೇ ಕಾಣೆಯಾಗುತ್ತಾನೆ. ವುಂಡರ್ಲಿಖ್ ಅವರ 1966ರ ಮುದ್ರಣದಲ್ಲಿ ಹುಡುಗ ಕೊನೆಯವರೆಗೂ ಹುಡುಗನೇ. ಕೊನೆಯಲ್ಲಿ ತೊರೆ ಅವನಿಗೆ ಹಾಡುವ ಜೋಗುಳಕ್ಕೆ ಬರುವಾಗ ದನಿ ಅದೇ, ಆದರೆ ಹಾಡುವವರು ಬದಲಾಗಿದ್ದಾರೆ ಎಂಬುದು ತಿಳಿಯುತ್ತದೆ. ಅದನ್ನು ಕೇಳಿದ ರಾತ್ರಿ ನಾನು ಬೇರೇನನ್ನೂ ಕೇಳಲಾರದೆ ಹೋದೆ.

ನೆಕ್ಕಾರ್ ದಂಡೆಯ ಕನ್ನಡಿಗ (ಸ್ಟಟ್‌ಗಾರ್ಟ್):

ಬದುಕಿದ್ದರೆ ವಾಗ್ನರ್ ಹಾಡುತ್ತಿದ್ದರೇ, ಇಟಲಿಯ ಭಾರಿ ಪಾತ್ರಗಳಿಗೆ ಹೋಗುತ್ತಿದ್ದರೇ ಎಂಬ ಊಹೆ ಇಲ್ಲಿ ಇನ್ನೂ ನಡೆಯುತ್ತಲೇ ಇರುತ್ತದೆ. ನನಗೆ ಅದರಲ್ಲಿ ರುಚಿಯಿಲ್ಲ. ಆದರೆ ಟೆನರ್ ಒಬ್ಬನಿಗೆ ಎಷ್ಟು ಕಾಲ ಸಿಗಬಹುದು ಎಂಬುದನ್ನು ಉಳಿದವರನ್ನು ನೋಡಿ ಅಳೆಯಬಹುದು. ಇಂಗ್ಲೆಂಡಿನ ಪೀಟರ್ ಪಿಯರ್ಸ್ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲು ಹಾಡಿದ್ದು 1974ರಲ್ಲಿ, ತಮ್ಮ 64ನೆಯ ವಯಸ್ಸಿನಲ್ಲಿ. ವುಂಡರ್ಲಿಖ್ ಅವರಿಗಿಂತ ಐದು ವರ್ಷ ಕಿರಿಯರಾದ ಪೀಟರ್ ಶ್ರೈಯರ್ 2000ದವರೆಗೆ ಒಪೆರಾ ರಂಗದ ಮೇಲಿದ್ದರು, ಕಛೇರಿಗಳಲ್ಲಿ ಇನ್ನೂ ಐದು ವರ್ಷ ಹಾಡಿದರು. ವುಂಡರ್ಲಿಖ್ ಅವರ ಮೆಟ್ರೊಪಾಲಿಟನ್ ಪ್ರವೇಶ 1966ರ ಅಕ್ಟೋಬರ್‌ನಲ್ಲಿ ಡಾನ್ ಒಟ್ಟಾವಿಯೊ ಆಗಿ ಎಂದು ಗೊತ್ತಾಗಿತ್ತು. ಆ ಒಪೆರಾದ ಹೊಸ ಕಟ್ಟಡ ಬಾಗಿಲು ತೆರೆದದ್ದು ಸೆಪ್ಟೆಂಬರ್ 16ರಂದು, ಅವರು ತೀರಿಕೊಂಡದ್ದಕ್ಕೆ ಒಂದು ದಿನ ಮುಂಚೆ.

ತುಂಗಾತೀರ:

ಎಡಿನ್‌ಬರೊ ಕಛೇರಿಯನ್ನು ಎರಡು ಬಾರಿ ಕೇಳಿದೆ. ಸ್ಟುಡಿಯೊ ಮುದ್ರಣಕ್ಕಿಂತ ಪದಗಳು ಮುಂದೆ ಬಂದಿವೆ, ಕೆಲವು ಕಡೆ ದನಿಯ ಸೊಗಸನ್ನೇ ಬಿಟ್ಟುಕೊಟ್ಟು ಮಾತಿಗೆ ಜಾಗ ಮಾಡಿದ್ದಾರೆ. ಫಿಷರ್-ಡೀಸ್ಕೌ ಅವರನ್ನು ನಾನು ಕೆಳಗಿಳಿಸಲಾರೆ, ಆದರೆ ‘ಕಹಿ ಕೇಳುವುದಿಲ್ಲ’ ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಅದೇ ಸಂಜೆ ಹಾಡಿದ ಶೂಬರ್ಟ್‌ನ ‘ಸಂಗೀತಕ್ಕೆ’ ಎಂಬ ಕಿರುಗೀತೆಯಲ್ಲಿ ಅವರು ಏನನ್ನೂ ಮಾಡಲು ಹೋಗುವುದಿಲ್ಲ, ಎರಡು ಚರಣಗಳನ್ನು ಸುಮ್ಮನೆ ಹಾಡುತ್ತಾರೆ. ಹಾಗೆ ಹಾಡಲು ಎಷ್ಟು ವರ್ಷ ಬೇಕಾಯಿತು ಎಂದು ಮಂದ್ರಶ್ರುತಿಯವರು ಕೇಳುತ್ತಿರುವುದು ಈಗ ನನಗೆ ಅರ್ಥವಾಗುತ್ತಿದೆ.

ಒಂದು ಸಂದೇಹ. ಕರಾಯನ್ ನಿರ್ದೇಶನದ ಹೈಡನ್‌ನ ‘ಸೃಷ್ಟಿ’ ಒರಟೋರಿಯೊದ ಹೊದಿಕೆಯ ಮೇಲೆ ಟೆನರ್ ಭಾಗಕ್ಕೆ ಇಬ್ಬರ ಹೆಸರಿದೆ. ಏಕೆ?

ಹಳೆಯ ತಟ್ಟೆ (ಧಾರವಾಡ):

ಆ ಮುದ್ರಣ 1966ರಲ್ಲಿ ಶುರುವಾಯಿತು. ವುಂಡರ್ಲಿಖ್ ಅವರು ದೇವದೂತ ಉರಿಯೆಲ್‌ನ ಹಾಡುಗಳನ್ನು ಮುಗಿಸಿದ್ದರು. ಮಾತಿನಂತೆ ಪಠಿಸುವ ಭಾಗಗಳು ಬಾಕಿಯಿದ್ದವು. ಅವರು ತೀರಿಕೊಂಡ ಮೇಲೆ ಕರಾಯನ್ ಹಾಡುಗಳನ್ನು ಹಾಗೆಯೇ ಉಳಿಸಿಕೊಂಡು, ಉಳಿದ ಭಾಗಗಳನ್ನು ಆಸ್ಟ್ರಿಯಾದ ಟೆನರ್ ವೆರ್ನರ್ ಕ್ರೆನ್ ಅವರಿಂದ ಹಾಡಿಸಿದರು. ಎರಡನೆಯ ಭಾಗದಲ್ಲಿ, ದೇವರು ಮನುಷ್ಯನನ್ನು ತನ್ನ ರೂಪದಲ್ಲಿ ಸೃಷ್ಟಿಸಿದನು ಎಂದು ಕ್ರೆನ್ ಪಠಿಸುತ್ತಾರೆ. ಆ ಮನುಷ್ಯನ ಘನತೆಯನ್ನು ಬಣ್ಣಿಸುವ ಹಾಡು ಶುರುವಾದೊಡನೆ ದನಿ ವುಂಡರ್ಲಿಖ್ ಅವರದಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಆ ಜಾಗ ತಿಳಿಯುತ್ತದೆ.